ಆಕಳಿಲ್ಲದ ಕಣ್ಣಿ

ನಾನು ಅಪ್ಪನಿಗೆ ಹೇಳಿದ ದೊಡ್ಡ ಸುಳ್ಳು ಒಂದೇ ಒಂದು. ಮನೆಯಲ್ಲಿ ಆಕಳಿನ ಬಾಲವೂ ಇಲ್ಲದಿದ್ದಾಗ, ಆಕಳು ತಂದಿದ್ದೇವೆ, ಕಟ್ಟುವುದಕ್ಕೆ ಒಂದು ಒಳ್ಳೆಯ ಕಣ್ಣಿ ಹೊಸೆದು ಕಳಿಸು ಎಂದು ಹೇಳಿಕಳಿಸಿದ್ದೆ. ಸಣ್ಣಪುಟ್ಟ ಸುಳ್ಳುಗಳ ಮಾತು ಬಿಡಿ. ಹೊಟ್ಟೆ ತುಂಬ ಉಣ್ಣುತ್ತೇನೆ, ಆರಾಮ ಇದ್ದೇನೆ, ಇಲ್ಲಿ ಸೆಕೆಯೇ ಇಲ್ಲ ಎಂದು ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿಗೆ ಹೇಳುತ್ತಾರೆ. ಈ ಆಕಳಿನ ಸುಳ್ಳು ಅಂಥದ್ದಲ್ಲ. ಅದನ್ನು ಹೇಳಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ.

ಅರವತ್ತನೆಯ ಇಸವಿಯ ಆಸುಪಾಸಿನ ಮಾತು. ದಾಂಡೇಲಿಯಲ್ಲಿ ಆಗ ಎತ್ತ ನೋಡಿದರೂ ಏನಾದರೊಂದು ಏಳುತ್ತಿತ್ತು. ಧಾರವಾಡ, ಬೆಳಗಾವಿ ಕಡೆಯಿಂದ ಜನ ಕೆಲಸ ಹುಡುಕಿಕೊಂಡು ಬಂದು ತುಂಬುತ್ತಿದ್ದರು. ಅವರಿಗೆ ಮನೆ ಬೇಕು, ರಸ್ತೆ ಬೇಕು, ನೀರು ಬೇಕು. ಆ ನೀರಿಗಾಗಿ ಊರಂಚಿನ ದಿಬ್ಬದ ಮೇಲೆ ಒಬ್ಬ ಗುತ್ತಿಗೆದಾರ ದೊಡ್ಡ ಟಾಕಿ ಕಟ್ಟಿಸುತ್ತಿದ್ದ. ಎಂಟು ಕಂಬ, ಕಂಬಗಳ ಮೇಲೆ ದುಂಡನೆಯ ತೊಟ್ಟಿ. ಕಂಬ ಮೇಲೇರಿದಂತೆ ಅದರ ಸುತ್ತ ಬಿದಿರಿನ ಅಟ್ಟಣಿಗೆಯೂ ಏರಬೇಕು. ಕಂಬ ಕಟ್ಟುವ ಗೌಂಡಿಗಳು ನಿಂತು ಕೆಲಸ ಮಾಡುವುದು ಆ ಅಟ್ಟಣಿಗೆಯ ಮೇಲೆ. ಅದನ್ನು ಕಟ್ಟುವವರು ನಮ್ಮ ಮನೆಯವರು.

ಹಾಗಾಗಿ ಎಲ್ಲರಿಗಿಂತ ಮೊದಲು ಮೇಲೆ ಹೋಗುವವರು ಅವರೇ, ಎಲ್ಲರಿಗಿಂತ ಎತ್ತರದಲ್ಲಿ ಇರುವವರೂ ಅವರೇ. ಗೌಂಡಿಗೆ ಕಾಲಿಡಲು ಹಲಗೆಯಾದರೂ ಇರುತ್ತದೆ. ಇವರಿಗೆ ಅದೂ ಇಲ್ಲ. ಒಂಟಿ ಬಿದಿರಿನ ಮೇಲೆ ಬರಿಗಾಲಲ್ಲಿ ನಿಂತು, ಇನ್ನೊಂದು ಬಿದಿರನ್ನು ತೋಳಲ್ಲಿ ತಬ್ಬಿ ಹಿಡಿದು, ತೆಂಗಿನ ನಾರಿನ ಹಗ್ಗವನ್ನು ಹಲ್ಲಲ್ಲಿ ಕಚ್ಚಿ ಎಳೆದು ಗಂಟು ಹಾಕುತ್ತಿದ್ದರು. ನಾವು ಹೊಲದ ಬದುವಿನ ಮೇಲೆ ನಡೆದ ಹಾಗೆ ಅವರು ಬಿದಿರಿನ ಮೇಲೆ ನಡೆಯುತ್ತಿದ್ದರು. ನಾನು ಕೆಳಗೆ ಸಿಮೆಂಟಿನ ಮಾಲು ಹೊರುವ ಹೆಂಗಸರ ಸಾಲಿನಲ್ಲಿದ್ದೆ. ತಲೆಯ ಮೇಲೆ ಬುಟ್ಟಿ ಇದ್ದಾಗ ಮೇಲೆ ನೋಡುವಂತಿಲ್ಲ. ಬುಟ್ಟಿ ಖಾಲಿಯಾದ ಕೂಡಲೇ ಕತ್ತೆತ್ತಿ ನೋಡುತ್ತಿದ್ದೆ. ಏನು ಚಂದ! ಕಣ್ಣು ಕೀಳಲಾಗುತ್ತಿರಲಿಲ್ಲ. ಅಷ್ಟು ಜನರ ನಡುವೆ ಆಕಾಶಕ್ಕೆ ತೀರ ಹತ್ತಿರ ಇರುವವರು ನನ್ನವರು ಎಂದು ಒಳಗೊಳಗೇ ಬೀಗುತ್ತಿದ್ದೆ. ಸುಳ್ಳೇಕೆ ಹೇಳಲಿ!

ತವರಿನಲ್ಲಿ ಮಾತ್ರ ಇದ್ಯಾವುದೂ ಗೊತ್ತಿರಲಿಲ್ಲ. ಹಳಿಯಾಳದ ಹತ್ತಿರದ ನಮ್ಮ ಹಳ್ಳಿಗೆ ಹೆಣ್ಣು ನೋಡಲು ಬಂದವರು, ವರನಿಗೆ ದಾಂಡೇಲಿಯಲ್ಲಿ ಕೆಲಸ ಎಂದಷ್ಟೇ ಹೇಳಿದ್ದರು. ಅಪ್ಪ ಅದನ್ನು ಸೂರಿನ ಕೆಳಗಿನ ಕೆಲಸ ಎಂದು ತಿಳಿದ. ನಾನೂ ತಿದ್ದಲಿಲ್ಲ.

ಆ ಬೇಸಿಗೆ ಮುಗಿಯುವ ಹೊತ್ತಿಗೆ ಒಬ್ಬ ಗೌಂಡಿ ಬಿದ್ದ. ತುಂಬ ಎತ್ತರದಿಂದೇನಲ್ಲ, ಎರಡನೆಯ ಅಂತಸ್ತಿನಿಂದ. ಕೆಳಗೆ ಉಸುಕಿನ ರಾಶಿ ಇದ್ದದ್ದರಿಂದ ಜೀವ ಉಳಿಯಿತು, ಕಾಲು ಮುರಿಯಿತು. ಬಿದ್ದವನು ಅಳಲಿಲ್ಲ. ಹಲಗೆ ಜಾರಿತು, ಹಲಗೆ ಜಾರಿತು ಎಂದು ಅದನ್ನೇ ಹೇಳುತ್ತಿದ್ದ. ಅವನನ್ನು ಗಾಡಿಯಲ್ಲಿ ಹಾಕಿ ಕಳಿಸಿ, ನಾವು ಮತ್ತೆ ಬುಟ್ಟಿ ಹೊತ್ತೆವು. ಅವತ್ತಿನಿಂದ ನನಗೆ ಕತ್ತೆತ್ತಿ ನೋಡುವ ಸುಖ ಹೋಯಿತು. ಎರಡನೆಯ ಅಂತಸ್ತಿಗೇ ಕಾಲು ಮುರಿದರೆ ನಮ್ಮವರು ಇರುವ ಐದನೆಯದಕ್ಕೆ ಏನಾದೀತು ಎಂಬ ಒಂದೇ ಯೋಚನೆ. ಉಣ್ಣುವಾಗಲೂ ಅದೇ, ರೊಟ್ಟಿ ಬಡಿಯುವಾಗಲೂ ಅದೇ.

ನಮ್ಮ ಓವರ್‌ಸಿಯರ್ ಬೆಳಗಾವಿ ಕಡೆಯವರು, ಒಳ್ಳೆಯವರು. ಎಲ್ಲಿಂದಲೋ ಓಡಾಡಿ ಮೂರು ಸೊಂಟದ ಪಟ್ಟಿಗಳನ್ನು ತರಿಸಿದರು. ದಪ್ಪ ಬಟ್ಟೆಯ ಪಟ್ಟಿ, ಅದಕ್ಕೆ ಕಬ್ಬಿಣದ ಬಳೆ, ಬಳೆಗೆ ಹಗ್ಗ. ಮೇಲೆ ಹೋದವರು ಇದನ್ನು ಸೊಂಟಕ್ಕೆ ಬಿಗಿದು, ಹಗ್ಗದ ತುದಿಯನ್ನು ಗಟ್ಟಿ ಬಿದಿರಿಗೆ ಕಟ್ಟಬೇಕು ಎಂದರು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದುಕ ಗೌಂಡಿಯೊಬ್ಬ ಇದ್ದ, ಬಾಯಿ ಬಲು ಜೋರು. ಅವನು ಪಟ್ಟಿಯನ್ನು ಎತ್ತಿ ಹಿಡಿದು, "ಸಾಹೇಬ್ರ, ಹುಲ್ಲು ಯಾವಾಗ ಹಾಕಿಸ್ತೀರಿ? ಕಟ್ಟೂದಂತೂ ಆತು!" ಎಂದ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮುಗಿಯಿತು. ಆ ಮೂರೂ ಪಟ್ಟಿಗಳು ಸಾಮಾನಿನ ಕೋಣೆಯ ಮೊಳೆಗೆ ನೇತುಬಿದ್ದವು.

ಮಧ್ಯಾಹ್ನ ಉಣ್ಣುವಾಗ ನಾನು ಶುರು ಮಾಡಿದೆ. "ಎಲ್ಲಾರೂ ಬ್ಯಾಡಂದ್ರ ಅನ್ನಲಿ. ನೀವು ಕಟಗೋರಿ."

"ನಾನೇನು ಎತ್ತೇನು, ಗೂಟಕ್ಕ ಕಟ್ಟಿಸಿಕೊಳ್ಳಾಕ?"

"ಎತ್ತಾದ್ರ ಚಿಂತೀನ ಇದ್ದಿದ್ದಿಲ್ಲ. ಅದು ಆಕಾಶಕ್ಕ ಹತ್ತೂದಿಲ್ಲ."

"ನಾ ಕಟ್ಟಿದ ಬಿದರು ನನ್ನ ಕೈ ಬಿಡೂದಿಲ್ಲ. ನೀ ಸುಮ್ಮನ ಉಣ್ಣು."

ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಗಂಡಸಿಗೆ ಹಗ್ಗ ಎಂದರೆ ತಾನು ದನಕ್ಕೆ ಕಟ್ಟುವುದು. ತನಗೇ ಕಟ್ಟಿಸಿಕೊಳ್ಳುವುದು ಎಂದರೆ ಮಾನ ಹೋದ ಹಾಗೆ. ಬಿದ್ದು ಸತ್ತರೆ ಮಾನ ಉಳಿಯುತ್ತದೆ! ನನಗೆ ಎಂಥ ಸಿಟ್ಟು ಬಂತೆಂದರೆ ಬುತ್ತಿ ಕಟ್ಟಿ ತಂದ ಬಟ್ಟೆಯನ್ನು ಅಲ್ಲೇ ಕೊಡವಿ ಎದ್ದು ಹೋದೆ. ಎರಡು ದಿನ ಅವರ ಜೊತೆ ಮಾತಾಡಲಿಲ್ಲ.

ಮೂರನೆಯ ದಿನ ಮುಂಜಾನೆ ಅವರು ಸ್ನಾನಕ್ಕೆ ಹೋದರು. ನಮ್ಮದು ಬಿದಿರಿನ ತಟ್ಟಿಯ ಮನೆ, ಬಚ್ಚಲಿಗೂ ಒಂದು ತಟ್ಟಿಯ ಮರೆ. ನೀರು ಹೊಯ್ದುಕೊಳ್ಳುವ ಸದ್ದು ನಿಂತು ಎಷ್ಟು ಹೊತ್ತಾದರೂ ಮನುಷ್ಯ ಹೊರಗೆ ಬರಲಿಲ್ಲ. ಆಮೇಲೆ ದನಿ ಬಂತು. "ಏ, ಇಲ್ಲಿ ಬಾ. ಉಡದಾರ ಹರೀತು. ಹೊಸಾದು ಐತೇನು ನೋಡು."

ಉಡದಾರ ಎಂದರೆ ನಮ್ಮ ಕಡೆ ಗಂಡಸಿನ ಸೊಂಟದಲ್ಲಿ ಸದಾ ಇರುವ ಕರಿ ದಾರ. ತೊಟ್ಟಿಲಲ್ಲಿ ಕಟ್ಟಿದ್ದು ಚಟ್ಟದವರೆಗೂ ಇರಬೇಕು. ನಮ್ಮ ಅತ್ತೆಯವರು ಅದರ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಹಳೆಯದು ಸವೆದರೆ ಮೊದಲು ಹೊಸದನ್ನು ಕಟ್ಟಿ, ಆಮೇಲೆ ಹಳೆಯದನ್ನು ಹರಿಯಬೇಕು. ಒಂದು ಗಳಿಗೆಯೂ ಗಂಡಸಿನ ಸೊಂಟ ಬರಿದಾಗಬಾರದು ಎಂದು ಮಗನಿಗೆ ಕಲಿಸಿದ್ದರು. ಮಗ ತಾಯಿಯ ಮಾತು ಮೀರುವವರಲ್ಲ. ಅದಕ್ಕೇ ಒದ್ದೆ ಮೈಯಲ್ಲಿ ಬಚ್ಚಲಲ್ಲೇ ನಿಂತಿದ್ದರು.

ನಾನು ಪೆಟ್ಟಿಗೆ ತೆರೆದು ದಾರ ಹುಡುಕುತ್ತಿದ್ದವಳು ಅಲ್ಲೇ ಕುಕ್ಕರಿಸಿದೆ. ನಗು ಬಂತು, ಜೊತೆಗೇ ಮೈ ಜುಂ ಎಂದಿತು. ಅಲ್ಲ, ಸೊಂಟಕ್ಕೆ ದಾರ ಇಲ್ಲದೆ ಬಚ್ಚಲಿನಿಂದ ಹೊರಗೆ ಬರಲೊಲ್ಲದ ಈ ಮನುಷ್ಯ, ಸೊಂಟಕ್ಕೆ ಹಗ್ಗ ಇಲ್ಲದೆ ಐದು ಅಂತಸ್ತು ಏರುತ್ತಾರಲ್ಲ! ಇವರಿಗೆ ಕಟ್ಟಬೇಕಾದದ್ದು ಪಟ್ಟಿಯಲ್ಲ, ಉಡದಾರ. ಆ ಗಳಿಗೆಯಲ್ಲೇ ನನ್ನ ತಲೆಯಲ್ಲಿ ಎಲ್ಲ ತಯಾರಾಯಿತು. ದಾರ ಕೊಟ್ಟೆ, ಎರಡು ದಿನದ ಮೌನ ಮುರಿದು ಮಾತನ್ನೂ ಆಡಿದೆ. ಅವರು ಪಾಪ, ಹೆಂಡತಿಯ ಸಿಟ್ಟು ಇಳಿಯಿತು ಎಂದು ತಿಳಿದರು.

ಹಗ್ಗಕ್ಕೆ ಅಪ್ಪನನ್ನು ಬಿಟ್ಟರೆ ನನಗೆ ಬೇರೆ ಯಾರೂ ನೆನಪಾಗಲಿಲ್ಲ. ಅಪ್ಪ ಹೊಸೆದ ಕಣ್ಣಿ ಎಂದರೆ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಅದೇ ಮಾತು. ದನದ ಕೊರಳಿಗೆ ಹಾಕಿ ಗೂಟಕ್ಕೆ ಕಟ್ಟುವ ಹಗ್ಗವೇ ಕಣ್ಣಿ. ಪುಂಡಿ ಗಿಡದ ಕಟ್ಟುಗಳನ್ನು ನೀರಲ್ಲಿ ಕೊಳೆಹಾಕಿ, ನಾರು ಸುಲಿದು, ಬಿಸಿಲಿಗೆ ಹರವಿ, ಅಂಗಳದಲ್ಲಿ ಕುಳಿತು ತೊಡೆಯ ಮೇಲೆ ಹೊಸೆಯುತ್ತಿದ್ದ. ಮೂರು ಎಳೆ ಸೇರಿಸಿ ಹುರಿ ಹಾಕಿ, ತುದಿಗೆ ಮೊಗ್ಗಿನಂಥ ಒಂದು ಗಂಟು. ಆ ಗಂಟು ಅಪ್ಪನದೇ, ಬೇರೆ ಯಾರಿಗೂ ಬರುತ್ತಿರಲಿಲ್ಲ. ಮದ ಬಂದ ಹೋರಿಯೂ ಅಪ್ಪನ ಕಣ್ಣಿಯನ್ನು ಹರಿದದ್ದನ್ನು ನಾನು ಕಂಡಿಲ್ಲ.

ಆದರೆ ಅಪ್ಪನಿಗೆ ನಿಜ ಹೇಳುವುದು ಹೇಗೆ? ಅಳಿಯ ಆಕಾಶದಲ್ಲಿ ಕೆಲಸ ಮಾಡುತ್ತಾನೆ ಎಂದು ತಿಳಿದರೆ ಮರುದಿನವೇ ಬಂದು ನನ್ನ ಕೈ ಹಿಡಿದು ಕರೆದುಕೊಂಡು ಹೋಗುವ ಪೈಕಿ ಅವನು. ಅದಕ್ಕೇ ಹಳಿಯಾಳದ ಬಸ್ಸಿನ ಕಂಡಕ್ಟರನ ಕೈಯಲ್ಲಿ ಆಕಳಿನ ಸುಳ್ಳು ಹೇಳಿಕಳಿಸಿದೆ. ಆಕಳು ಬಲು ತುಂಟ, ಎತ್ತರಕ್ಕೆ ಹಾರುತ್ತದೆ, ಗಟ್ಟಿಯಾಗಿರಲಿ, ಉದ್ದ ಇರಲಿ ಎಂದೂ ಸೇರಿಸಿದೆ. ಎಂಟು ದಿನಕ್ಕೆ ಕಣ್ಣಿ ಬಂತು. ಕೈಗೆ ತಗೊಂಡ ಕೂಡಲೇ ಅಪ್ಪನ ಅಂಗಳದ ವಾಸನೆ ಬಂತು. ಕಣ್ಣು ಒದ್ದೆಯಾಯಿತು.

ಒಣ ಭಾವನೆ ಇಟ್ಟುಕೊಂಡು ಏನು ಮಾಡುವುದು, ಹಗ್ಗ ತಾಳುತ್ತದೋ ಇಲ್ಲವೋ ನೋಡಬೇಕಲ್ಲ. ಮನೆಯ ಹಿಂದಿನ ಮತ್ತಿ ಮರದ ಟೊಂಗೆಗೆ ಅದನ್ನು ಕಟ್ಟಿ, ನನ್ನ ಜೊತೆ ಮಾಲು ಹೊರುವ ಇಬ್ಬರನ್ನು ಕರೆದೆ. ಮೂವರೂ ಒಟ್ಟಿಗೆ ಜೋತುಬಿದ್ದು ಜೀಕಿದೆವು. ಇಬ್ಬರೂ ನನಗಿಂತ ದಪ್ಪ! ಟೊಂಗೆ ಕಿರ್ ಎಂದಿತು, ಹಗ್ಗ ಒಂದು ಮಾತೂ ಆಡಲಿಲ್ಲ. ಪಂಚಮಿಯ ಜೋಕಾಲಿಯಲ್ಲೂ ನಾನು ಅಷ್ಟು ಖುಷಿಯಿಂದ ಜೀಕಿರಲಿಲ್ಲ. ಆಮೇಲೆ ಹಗ್ಗವನ್ನು ಕರಿ ಬಣ್ಣದಲ್ಲಿ ಅದ್ದಿ ಒಣಗಿಸಿದೆ. ಸೊಂಟಕ್ಕೆ ಬರುವ ಭಾಗ ಮೈಗೆ ಕೊರೆಯಬಾರದೆಂದು ನನ್ನ ಹಳೆಯ ಇಳಕಲ್ ಸೀರೆಯ ಸೆರಗನ್ನು ನಾಲ್ಕು ಪದರ ಮಾಡಿ ಸುತ್ತಿ ಹೊಲಿದೆ.

ಮುಂಜಾನೆ ಅವರ ಮುಂದೆ ಹಿಡಿದೆ. "ಇದು ಕಣ್ಣಿ ಅಲ್ರಿ, ಪಟ್ಟೀನೂ ಅಲ್ಲ. ಉಡದಾರ. ನೀವು ಹೋಗೂ ಜಾಗಾ ದೊಡ್ಡದು, ಅದಕ ಉಡದಾರಾನೂ ದೊಡ್ಡದು."

ಅವರು ನಕ್ಕರು. ನಕ್ಕು, ಗೂಟಕ್ಕೆ ತೂಗುಹಾಕಿ, ಕೆಲಸಕ್ಕೆ ಹೋದರು.

ಆಹಾ, ಹಾಗೋ! ನಾನು ಹಗ್ಗವನ್ನು ಬುಟ್ಟಿಯೊಳಗೆ ಸುತ್ತಿಟ್ಟು, ಬುಟ್ಟಿ ತಲೆಯ ಮೇಲಿಟ್ಟು ನಡೆದೆ. ಹೆಂಗಸರು ಮಾಲು ಹೊತ್ತು ಏರುತ್ತಿದ್ದುದು ಎರಡನೆಯ ಅಂತಸ್ತಿನವರೆಗೆ ಮಾತ್ರ. ಅಲ್ಲಿಂದ ಮೇಲೆ ಗಡಗಡಿಗೆ ಹಗ್ಗ ಹಾಕಿ ಬುಟ್ಟಿ ಎಳೆಯುತ್ತಿದ್ದರು. ನಾನು ಎರಡನೆಯ ಅಂತಸ್ತಿನಲ್ಲಿ ನಿಲ್ಲಲಿಲ್ಲ. ಸೀರೆಯನ್ನು ಕಚ್ಚೆ ಹಾಕಿ ಬಿಗಿದು, ಹಗ್ಗವನ್ನು ಕೊರಳಿಗೆ ಸುತ್ತಿ, ಏಣಿ ಹತ್ತಿದೆ. ಕೆಳಗಿನಿಂದ ಓವರ್‌ಸಿಯರ್ ಸಾಹೇಬರು "ಅಯ್ಯಯ್ಯ, ಅಕ್ಕಾರ, ಇಳೀರಿ, ಇಳೀರಿ!" ಎಂದು ಕೂಗುತ್ತಿದ್ದರು. ನನಗೆ ಕಿವಿಯೇ ಇರಲಿಲ್ಲ. ಒಂದೊಂದು ಮೆಟ್ಟಿಲಿಗೂ ಬಿದಿರು ನನ್ನ ಕಾಲ ಕೆಳಗೆ ಬಳುಕುತ್ತಿತ್ತು. ಮೂರು, ನಾಲ್ಕು, ಐದು!

ಐದನೆಯ ಅಂತಸ್ತಿನಲ್ಲಿ ತಲೆ ಹೊರಹಾಕಿದಾಗ ಗಾಳಿ ಬಂದು ಮುಖಕ್ಕೆ ಹೊಡೆಯಿತು. ಎಂಥ ಗಾಳಿ! ನಮ್ಮ ತಟ್ಟಿಯ ಮನೆಗಳು ಕೆಳಗೆ ಒಲೆಯ ಕಲ್ಲಿನಷ್ಟಾಗಿದ್ದವು. ಕಾಳಿ ಹೊಳೆ ತಿರುಗಿ ತಿರುಗಿ ಹೋಗುವುದು ಪೂರ್ತಿ ಕಾಣುತ್ತಿತ್ತು. ಕುಳಗಿಯ ಕಡೆ ಬರೀ ಕಾಡು, ಕಾಡಿನ ಮೇಲೆ ಮೋಡದ ನೆರಳು ನಡೆದುಹೋಗುತ್ತಿತ್ತು. ಇನ್ನೊಂದು ಕಡೆ ಹಳಿಯಾಳದ ರಸ್ತೆ, ಅದರ ಮೇಲೆ ಕೆಂಪು ಧೂಳೆಬ್ಬಿಸುತ್ತ ಒಂದು ಬಸ್ಸು. ನನ್ನ ಅಪ್ಪನ ಊರಿಗೆ ಹೋಗುವ ದಾರಿ ಅಷ್ಟುದ್ದಕ್ಕೂ ಕಂಡದ್ದು ಅದೇ ಮೊದಲು. ಈ ಮನುಷ್ಯ ದಿನಾ ಯಾಕೆ ಓಡಿಬಂದು ಏರುತ್ತಾರೆ ಎಂದು ನನಗೆ ಆಗ ತಿಳಿಯಿತು. ಕೇಕೆ ಹಾಕಬೇಕೆನಿಸಿತು.

ಅವರು ಬಿದಿರಿನ ಮೇಲೆ ಕಲ್ಲಾಗಿ ನಿಂತಿದ್ದರು. ಮುಖ ಬಿಳಿಚಿತ್ತು. ಅಷ್ಟು ಎತ್ತರದಲ್ಲಿ ಅವರು ಹೆದರಿದ್ದನ್ನು ಕಂಡದ್ದು ಅದೇ ಮೊದಲು.

"ಅಲ್ಲೇ ಗಟ್ಟಿ ಹಿಡಕೊಂಡು ನಿಂದ್ರು. ಅಲಗಾಡಬ್ಯಾಡ. ನಾ ಬಂದು ಇಳಸ್ತೇನಿ."

"ಅಂಜಿಕಿ ಆತೇನ್ರಿ? ನನಗ ದಿನಾ ಕೆಳಗ ನಿಂತು ಹಿಂಗ ಆಗತೈತಿ. ಬರ್ರಿ ಇಲ್ಲೆ. ಕಟ್ಟೂತನಾ ನಾ ಇಳಿಯೂದಿಲ್ಲ."

ಅಲ್ಲಿ ಜಗಳಾಡುವುದಕ್ಕೆ ಜಾಗವಿರಲಿಲ್ಲ. ಬಂದರು, ಸುಮ್ಮನೆ ಎರಡೂ ತೋಳು ಮೇಲೆತ್ತಿ ಬಿದಿರು ಹಿಡಿದು ನಿಂತರು. ನಾನು ಒಂದು ಕೈಯಲ್ಲಿ ಕಂಬದ ಬಿದಿರನ್ನು ಬಳಸಿ, ಇನ್ನೊಂದು ಕೈಯಿಂದ ಹಗ್ಗವನ್ನು ಅವರ ಸೊಂಟಕ್ಕೆ ಸುತ್ತಿದೆ. ಗಂಟು ಹಾಕಲು ಹಲ್ಲೂ ಬೇಕಾಯಿತು. ಇನ್ನೊಂದು ತುದಿಯನ್ನು ನೆಟ್ಟಗಿನ ಬಿದಿರಿಗೆ ಅವರೇ ಕಟ್ಟಿದರು. ಎರಡು ಮೊಳಕ್ಕಿಂತ ಹೆಚ್ಚು ಸಡಿಲ ಬಿಡಬೇಡಿ ಎಂದೆ, ಬಿಡಲಿಲ್ಲ. ಪಕ್ಕದ ಹಲಗೆಯಿಂದ ಮುದುಕ ಗೌಂಡಿ ಕೂಗಿದ. "ಕೇಳ್ರೆಪಾ! ಹೆಣತಿ ಮ್ಯಾಲ ಹತ್ತಿ ಉಡದಾರ ಕಟ್ಯಾಳು!" ಇಡೀ ಅಟ್ಟಣಿಗೆ ನಗುವಿಗೆ ಅಲುಗಾಡಿತು.

ನಾಚಿಕೆಯಾಯಿತೇ ಅವರಿಗೆ? ಆಯಿತು. ಆದರೂ ಮರುದಿನದಿಂದ ತಾವೇ ಕಟ್ಟಿಕೊಂಡರು. ಕಟ್ಟದಿದ್ದರೆ ನಾನು ಮತ್ತೆ ಹತ್ತುತ್ತೇನೆ ಎಂಬ ಹೆದರಿಕೆ, ಮಾನದ ಹೆದರಿಕೆಗಿಂತ ದೊಡ್ಡದಾಗಿತ್ತು.

ಒಂದು ತಿಂಗಳಾಗಿರಬೇಕು. ಅವತ್ತು ಸಣ್ಣ ಮಳೆ ಬಂದು ನಿಂತಿತ್ತು. ಬಿದಿರು ಒದ್ದೆಯಾಗಿ ಮಿರಮಿರ ಮಿಂಚುತ್ತಿತ್ತು. ನಾನು ಬುಟ್ಟಿ ತುಂಬಿಸಿಕೊಳ್ಳುತ್ತಿದ್ದೆ. ಹಿಂದಿನಿಂದ "ಯವ್ವಾ" ಎಂದರು. ತಿರುಗಿದರೆ ಅಪ್ಪ! ತಲೆಗೆ ರುಮಾಲು, ಹೆಗಲಿಗೆ ರೊಟ್ಟಿಯ ಗಂಟು, ಒಂದು ಕೈಯಲ್ಲಿ ಹಿಂಡಿಯ ಪುಟ್ಟ ಚೀಲ, ಇನ್ನೊಂದು ಕೈಯಲ್ಲಿ ಹಿತ್ತಾಳೆಯ ಗಂಟೆ. ಆಕಳನ್ನು ನೋಡಲು ಬಂದಿದ್ದ. ಅದಕ್ಕೆ ತಿನ್ನಲು ಹಿಂಡಿ, ಕೊರಳಿಗೆ ಗಂಟೆ.

"ಮನೀಗೆ ಹೋಗಿದ್ನಿ, ಕೊಟಗಿ ಕಾಣ್ಲಿಲ್ಲ. ಆಕಳಾ ಎಲ್ಲಿ ಕಟ್ಟೀರಿ? ಅಳ್ಯಾರ ಎಲ್ಲಿ ಅದಾರ?"

ನಾನು ಬುಟ್ಟಿ ಸರಿಮಾಡಿಕೊಳ್ಳುವ ನೆಪ ಮಾಡಿದೆ. ಆದರೆ ಸಾಲಿನಲ್ಲಿದ್ದ ಒಬ್ಬಳು, ಏನೂ ತಿಳಿಯದವಳು, ಬೆರಳು ಮೇಲೆ ಮಾಡಿ ತೋರಿಸಿಬಿಟ್ಟಳು. ಅಪ್ಪ ಕತ್ತೆತ್ತಿದ. ಎತ್ತಿದವನು ಎತ್ತಿಕೊಂಡೇ ನಿಂತ, ರುಮಾಲು ಹಿಂದಕ್ಕೆ ಜಾರಿತು. "ಅಳ್ಯಾರ!" ಎಂದು ಕೂಗಿದ. ಕೂಗಿದ್ದು ಹೆದರಿಕೆಯಿಂದಲೋ, ಮಾತಾಡಿಸಲೋ, ಅವನಿಗೇ ಗೊತ್ತಿಲ್ಲ.

ನಮ್ಮವರು ಕೆಳಗೆ ನೋಡಿದರು. ಮಾವ ಬಂದಿದ್ದಾರೆ. ಹೆಣ್ಣು ಕೊಟ್ಟ ಮಾವ, ಮದುವೆಯಾದ ಮೇಲೆ ಮೊದಲ ಸಲ ಮನೆಗೆ ಬಂದಿದ್ದಾರೆ. ನಮ್ಮ ಕಡೆಯ ಯಾವ ಅಳಿಯನಾದರೂ ಏನು ಮಾಡುತ್ತಾನೋ ಅದನ್ನೇ ಅವರು ಮಾಡಿದರು. ಹಿಡಿದಿದ್ದ ಬಿದಿರನ್ನು ಬಿಟ್ಟು, ಎರಡೂ ಕೈ ಜೋಡಿಸಿ, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು.

ಐದನೆಯ ಅಂತಸ್ತಿನಲ್ಲಿ, ಒದ್ದೆ ಬಿದಿರಿನ ಮೇಲೆ!

ಕಾಲು ಜಾರಿದ್ದು ನನಗೆ ಕಾಣಿಸಲೇ ಇಲ್ಲ. ಇದ್ದ ಜಾಗದಲ್ಲಿ ಅವರು ಇರಲಿಲ್ಲ, ಅಷ್ಟೇ. ನನ್ನ ಬುಟ್ಟಿ ಕೆಳಗೆ ಬಿತ್ತು. ಹೆಂಗಸರು ಚೀರಿದರು. ಆಮೇಲೆ ಮೇಲಿನಿಂದ ಒಂದು ಸದ್ದು ಬಂತು, ಹೋರಿ ಒಮ್ಮೆಗೇ ಜಗ್ಗಿದಾಗ ಗೂಟ ಅಲುಗುವ ಸದ್ದು. ಬಿದಿರು ಬಿಲ್ಲಿನಂತೆ ಬಾಗಿ, ಹಗ್ಗ ಬಿಗಿದು ನಿಂತಿತು. ನಮ್ಮವರು ಎರಡು ಮೊಳ ಕೆಳಗೆ, ಗಾಳಿಯಲ್ಲಿ, ಸೊಂಟದಿಂದ ಜೋತುಬಿದ್ದಿದ್ದರು. ಎರಡೂ ಕೈ ಇನ್ನೂ ಜೋಡಿಸಿಕೊಂಡೇ ಇದ್ದವು ಎಂದು ಮುದುಕ ಗೌಂಡಿ ಮುಂದೆ ಊರೆಲ್ಲ ಹೇಳಿಕೊಂಡು ತಿರುಗಿದ. ಅದು ನಿಜವೋ ಅಲ್ಲವೋ, ನಾನು ಆಗ ಕಣ್ಣು ಮುಚ್ಚಿದ್ದೆ. ಅದೇ ಮುದುಕ, ಹುಲ್ಲು ಯಾವಾಗ ಹಾಕಿಸುತ್ತೀರಿ ಎಂದು ಕೇಳಿದ್ದವನೇ, ಹಲಗೆಯ ಮೇಲೆ ಬೋರಲು ಮಲಗಿ ಹಗ್ಗ ಹಿಡಿದು, ಇನ್ನಿಬ್ಬರೊಂದಿಗೆ ಅವರನ್ನು ಮೇಲೆಳೆದುಕೊಂಡ.

ಕೆಳಗಿಳಿಸಿ ಉಸುಕಿನ ಮೇಲೆ ಕೂರಿಸಿದರು. ಸೊಂಟದ ಸುತ್ತ ಚರ್ಮ ಕೆಂಪಾಗಿ ಬಾತಿತ್ತು, ಉಸಿರಾಡಲು ಕಷ್ಟಪಡುತ್ತಿದ್ದರು, ಆದರೆ ಮೂಳೆ ಮುರಿದಿರಲಿಲ್ಲ. ನಾನು ಅವರ ಮುಖ, ತಲೆ, ಕೈ ಎಲ್ಲ ಮುಟ್ಟಿ ಮುಟ್ಟಿ ನೋಡಿದೆ. ಜನರ ಮುಂದೆ ಗಂಡನನ್ನು ಮುಟ್ಟಬಾರದು ಎಂಬ ನೆನಪೂ ಇರಲಿಲ್ಲ. ಅಳುತ್ತಿದ್ದೆನೋ ನಗುತ್ತಿದ್ದೆನೋ, ಎರಡೂ ಇರಬೇಕು.

ಅಪ್ಪ ಮೆಲ್ಲಗೆ ಬಂದು ಅಳಿಯನ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಮುಖ ನೋಡಲಿಲ್ಲ, ಹಗ್ಗ ನೋಡಿದ. ಕರಿ ಬಣ್ಣದ ಮೇಲೆ ಬೆರಳಾಡಿಸಿದ. ಹುರಿಯನ್ನು ತಿರುವಿ ನೋಡಿದ. ತುದಿಯವರೆಗೆ ಹೋಗಿ ಆ ಮೊಗ್ಗಿನಂಥ ಗಂಟನ್ನು ಹಿಡಿದು, ಹಾಗೇ ಕುಳಿತ.

"ಇದು ನನ್ನ ಕಣ್ಣಿ."

ಅಪ್ಪ ನನ್ನ ಕಡೆ ತಿರುಗಿದ.

"ಆಕಳಾ ಎಲ್ಲೈತಿ ಯವ್ವಾ?"

ನಾನು ಗಂಡನ ಕಡೆ ಕೈ ತೋರಿಸಿದೆ. ಬೇರೆ ಏನು ಮಾಡಲಿ!

ಅಪ್ಪ ಹಿಡಿದಿದ್ದ ಗಂಟನ್ನು ಕೈಬಿಟ್ಟ. ಬೈಯುತ್ತಾನೆ, ಈಗಲೇ ಗಂಟುಮೂಟೆ ಕಟ್ಟು ಎನ್ನುತ್ತಾನೆ ಎಂದು ನಾನು ತಲೆ ತಗ್ಗಿಸಿದೆ. ಬೈದ, ನಿಜ. ಆದರೆ ಬೈದದ್ದು ಬೇರೆಯದಕ್ಕೆ.

"ಹುಚ್ಚೀ, ಆಕಳಿಗೆ ಅಂತ ತಿಳದು ಮೂರ ಎಳಿ ಹಾಕಿದ್ನೆಲ್ಲ! ಇವರಿಗೆ ಅಂತ ಮೊದಲ ಹೇಳಿದ್ರ ನಾಕು ಎಳಿ ಹಾಕ್ತಿದ್ದಿಲ್ಲೇನು? ಒಂದು ಎಳಿ ಕಡಿಮಿ ಆಗಿ ಹರಿದಿದ್ರ ನಾ ಯಾರಿಗೆ ಮುಖಾ ತೋರಿಸಲಿ?" ಎಂದು ರುಮಾಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದ. ನನ್ನ ಅಪ್ಪ ಅತ್ತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ನನಗೆ ನಾಚಿಕೆಯಾಗಬೇಕಿದ್ದರೆ ಆ ಒಂದು ಎಳೆಗೆ ಆಗಬೇಕು.

ಅಪ್ಪ ಕೂಡಲೇ ಮರಳಿ ಹೋಗಲಿಲ್ಲ. ಊರಿನಿಂದ ಪುಂಡಿಯ ನಾರು ತರಿಸಿಕೊಂಡು ನಮ್ಮ ಮನೆಯ ಮುಂದೆ ಕುಳಿತು ಹೊಸೆಯತೊಡಗಿದ. ಹಿಂದಿನ ದಿನದವರೆಗೆ ನಗುತ್ತಿದ್ದ ಗಂಡಸರು ಒಬ್ಬೊಬ್ಬರಾಗಿ ಬಂದು ಅವನ ಮುಂದೆ ನಿಂತರು. "ಮಾಮಾ, ನನಗೊಂದು ಉಡದಾರ" ಎಂದರು. ಅಪ್ಪ ಒಬ್ಬೊಬ್ಬರ ಸೊಂಟವನ್ನೂ ಗೇಣಿನಲ್ಲಿ ಅಳೆದ. ನಾಲ್ಕು ಎಳೆಯ ಹುರಿ, ಬಿದಿರಿಗೆ ಕಟ್ಟಲು ಒಂದು ಬಾಲದ ಬದಲು ಎರಡು ಬಾಲ. ಅದು ಅಪ್ಪನ ಯೋಚನೆ. ಎತ್ತನ್ನು ಒಂದು ಗೂಟದಿಂದ ಇನ್ನೊಂದಕ್ಕೆ ಒಯ್ಯುವಾಗ ಮೊದಲು ಹೊಸ ಗೂಟಕ್ಕೆ ಕಟ್ಟಿ ಆಮೇಲೆ ಹಳೆಯದನ್ನು ಬಿಚ್ಚುತ್ತಾರಲ್ಲ, ಹಾಗೆ. ಉಡದಾರದ ವಿಷಯದಲ್ಲಿ ಅತ್ತೆಯವರು ಹೇಳುತ್ತಿದ್ದದ್ದೂ ಅದೇ ಎಂದು ನಮ್ಮವರು ಬಹಳ ಸಂತೋಷಪಟ್ಟು ಹೇಳಿದರು. ಇಡೀ ಅಟ್ಟಣಿಗೆಗೆ ನಾನು ಹತ್ತಿ ಕಲಿಸಿದ ಪಾಠ ಈಗ ಅವರ ತಾಯಿಯದಾಯಿತು. ಇರಲಿ ಬಿಡಿ. ಓವರ್‌ಸಿಯರ್ ಸಾಹೇಬರು ಮೊಳೆಗೆ ತೂಗುಹಾಕಿದ್ದ ಮೂರು ಪಟ್ಟಿಗಳ ಕಬ್ಬಿಣದ ಬಳೆಗಳನ್ನು ಬಿಚ್ಚಿಸಿ ಅಪ್ಪನಿಗೇ ತಂದುಕೊಟ್ಟರು.

ಹೊರಡುವ ದಿನ ಅಪ್ಪ ಎಲ್ಲರನ್ನೂ ಟಾಕಿಯ ಕೆಳಗೆ ನಿಲ್ಲಿಸಿ ಒಂದು ಮಾತು ಹೇಳಿದ. "ಮ್ಯಾಲ ಇದ್ದಾಗ ಹಿರ್ಯಾರು ಇಲ್ಲ, ಮಾವ ಇಲ್ಲ, ಸಾಹೇಬ ಇಲ್ಲ. ದೇವರ ಬಂದು ತಳಗ ನಿಂತ್ರೂ ಕೈ ಬಿದರಿನ ಮ್ಯಾಲ ಇರಬೇಕು. ನಮಸ್ಕಾರ ಏನಿದ್ರೂ ಇಳದ ಮ್ಯಾಲ." ಇದನ್ನು ಮೊದಲು ಪಾಲಿಸಿದವರು ನಮ್ಮವರು. ಮಾವ ಬಸ್ಸಿಗೆ ಹೊರಟಾಗ ಇವರು ಮೇಲಿದ್ದರು. ಕೈ ಎತ್ತಲಿಲ್ಲ, ಬಗ್ಗಲಿಲ್ಲ, ಬಿದಿರನ್ನು ಅಪ್ಪಿ ಹಿಡಿದು ನಿಂತು ನೋಡಿದರು. ಅಪ್ಪ ಕೆಳಗೆ ನಿಂತು, ನಾಲ್ಕು ಜನರಿಗೆ ಕೇಳುವಂತೆ, "ಇಂಥಾ ಅಳಿಯಾ ಇರಬೇಕು ನೋಡು" ಎಂದ.

ಆ ಗಂಟೆಯನ್ನು ಅವನು ವಾಪಸು ಒಯ್ಯಲಿಲ್ಲ. ಅಳಿಯನ ಹಗ್ಗಕ್ಕೇ ಕಟ್ಟಿಹೋದ. ಎತ್ತಲ್ಲ ಎಂದು ನನ್ನ ಜೊತೆ ಜಗಳಾಡಿದ್ದ ಮನುಷ್ಯ ಈಗ ಆಕಳಿನ ಕಣ್ಣಿ ಕಟ್ಟಿಕೊಂಡು, ಆಕಳಿನ ಗಂಟೆ ಕಟ್ಟಿಕೊಂಡು ಆಕಾಶದಲ್ಲಿ ಓಡಾಡತೊಡಗಿದರು. ಕೆಳಗೆ ಬುಟ್ಟಿ ಹೊತ್ತ ನನಗೆ ಇನ್ನು ಕತ್ತೆತ್ತಿ ನೋಡುವ ಕೆಲಸವಿರಲಿಲ್ಲ. ಗಂಟೆ ಕೇಳುತ್ತಿದ್ದರೆ ಹಗ್ಗ ಸೊಂಟದಲ್ಲಿದೆ. ಒಂದು ಗಳಿಗೆ ನಿಂತರೆ ಮಾತ್ರ ತಟ್ಟನೆ ಮೇಲೆ ನೋಡುತ್ತಿದ್ದೆ.

ಟಾಕಿ ಮುಗಿಯಿತು, ನೀರು ಏರಿತು. ಆಮೇಲೆ ಹಳಿಯಾಳದಲ್ಲಿ, ಮುಂಡಗೋಡದಲ್ಲಿ ಎಷ್ಟೋ ಕಟ್ಟಡಗಳಿಗೆ ನಮ್ಮವರು ಅಟ್ಟಣಿಗೆ ಕಟ್ಟಿದರು. ಪ್ರತಿ ಮಳೆಗಾಲ ಮುಗಿದ ಮೇಲೆ ಅಪ್ಪ ಹೊಸ ಹಗ್ಗ ಹಿಡಿದು ಬರುತ್ತಿದ್ದ. ಮಳೆ ಕುಡಿದ ಪುಂಡಿಯನ್ನು ನಂಬಬಾರದು ಎಂದು ಹಳೆಯದನ್ನು ತಾನೇ ಕುಡುಗೋಲಿನಿಂದ ತುಂಡು ತುಂಡು ಮಾಡಿ ಹೋಗುತ್ತಿದ್ದ, ಯಾರೂ ಮತ್ತೆ ಬಳಸಬಾರದಲ್ಲ. ನಡುವೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿಕಳಿಸುತ್ತಿದ್ದುದು ಒಂದೇ ಪ್ರಶ್ನೆ. "ಆಕಳಾ ಹೆಂಗೈತಿ?" ನಾನೂ ಹೇಳಿಕಳಿಸುತ್ತಿದ್ದೆ. "ಚಲೋ ಐತಿ, ಕಣ್ಣಿ ಹರಕೊಂಡಿಲ್ಲ."

ಅರವತ್ತರ ದಶಕ ಮುಗಿಯುತ್ತ ಬಂದಾಗ ನಮ್ಮವರಿಗೆ ನೆಲದ ಮೇಲಿನ ಕೆಲಸ ಸಿಕ್ಕಿತು, ಬಿದಿರಿನ ಡಿಪೋದಲ್ಲಿ. ಕಂಡಕ್ಟರನ ಕೈಯಲ್ಲಿ ಹೇಳಿಕಳಿಸಿದೆ. "ಅಪ್ಪಾಗ ಹೇಳ್ರಿ, ಆಕಳಾ ಕೆಳಗ ಇಳೀತು. ಇನ್ನ ಕಣ್ಣಿ ಬ್ಯಾಡ."

ನಾಲ್ಕು ದಿನಕ್ಕೆ ಅಪ್ಪ ಬಂದ. ಬಸ್ಸಿನಲ್ಲಿ ಬರಲಿಲ್ಲ, ಹಳಿಯಾಳದಿಂದ ನಡೆದೇ ಬಂದಿದ್ದ. ಹಿಂದೆ ಒಂದು ಕಪಿಲೆ ಬಣ್ಣದ ಆಕಳು, ಅದರ ಕೊರಳಲ್ಲಿ ಹೊಸ ಕಣ್ಣಿ. ನಾನು ಎಳೆ ಎಣಿಸಿದೆ. ಮೂರು.

"ಹೇಳಿದ್ಯೆಲ್ಲ, ಆಕಳಾ ತಂದೇವಿ ಅಂತ. ನನ್ನ ಮಗಳ ಮಾತು ಸುಳ್ಳಾಗಬಾರದು" ಎಂದ. ಅಳಿಯನನ್ನು ಹತ್ತಿರ ಕರೆದು, ಹಳೆಯ ಹಗ್ಗದಿಂದ ಗಂಟೆಯನ್ನು ಬಿಚ್ಚಿಸಿ, ಆಕಳಿನ ಕೊರಳಿಗೆ ಕಟ್ಟಿಸಿದ. ಆಗ ನಮ್ಮವರು ನೆಲದ ಮೇಲೆ ನಿಂತಿದ್ದರು. ಎರಡೂ ಕೈ ಜೋಡಿಸಿ, ಅಷ್ಟೂ ವರ್ಷದ್ದು ಸೇರಿಸಿ, ಮಾವನ ಕಾಲಿಗೆ ಬಿದ್ದು ನಮಸ್ಕಾರ ಮಾಡಿದರು.

ಆಕಳು ಹಿತ್ತಿಲಲ್ಲಿ ಮೇಯುತ್ತಿತ್ತು. ಗಂಟೆ ಒಂದು ಗಳಿಗೆ ನಿಂತಿತು. ನಾನು ಕೈಯಲ್ಲಿದ್ದ ರೊಟ್ಟಿ ಬಿಟ್ಟು ಹೊರಗೆ ಓಡಿಬಂದು ಆಕಾಶ ನೋಡಿದೆ.